ವೈನಿ ಓದಿದ ಕೊನೆಯ ಪುಟ

ಹೋದ ತಿಂಗಳು ನನ್ನ ವಿದ್ಯಾರ್ಥಿನಿಯೊಬ್ಬಳು ಹಳೆಯ ಪೇಪರಿನಲ್ಲಿ ಕಟ್ಟಿದ ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟು ಹೋದಳು. ಬಿಚ್ಚಿದರೆ ಒಣದ್ರಾಕ್ಷಿ. ಒಣಗಿಸುವ ಶೆಡ್ಡಿನಿಂದ ಆಗಷ್ಟೇ ಇಳಿದದ್ದು. ಸಿಹಿ ವಾಸನೆ, ಅದರೊಳಗೊಂದು ಸಣ್ಣ ಹುಳಿ, ಅದರ ಹಿಂದೆ ಬಿಸಿಲಿಗೆ ಕಾದ ತಗಡಿನ ವಾಸನೆ... ಸ್ಟಾಫ್ ರೂಮಿನಲ್ಲಿ ಫ್ಯಾನು ತಿರುಗುತ್ತಿತ್ತು, ಯಾರೋ ಚಹಾ ಬೇಕೇ ಎಂದು ಕೇಳುತ್ತಿದ್ದರು. ನಾನು ಆ ಹೊತ್ತಿಗೆ ಅಲ್ಲಿರಲಿಲ್ಲ.

ಚಿಕ್ಕೋಡಿಯ ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಶನಿವಾರ ಮಧ್ಯಾಹ್ನ ಹೈಸ್ಕೂಲಿನ ಒಂದಿಷ್ಟು ಹುಡುಗಿಯರು ನನ್ನ ಮನೆಗೆ ಬಂದು, ತಮಗೆ ಬೇಕಾದ ಪುಸ್ತಕ ಹಿಡಿದು ಮೂಲೆ ಸೇರುತ್ತಾರೆ. ಅರ್ಧ ತಾಸು ಯಾರೂ ಮಾತಾಡುವಂತಿಲ್ಲ. ಆಮೇಲೆ ಓದಿದ್ದನ್ನು ಹೇಳಬೇಕು. ಮುಂದೆ ಕಾಲೇಜಿಗೆ ಹೋಗುವ ಮಕ್ಕಳಿಗೆ ಇದು ಬಹಳ ಉಪಯೋಗ ಎಂದು ಜನ ಹೊಗಳುತ್ತಾರೆ. ಈ ಯೋಚನೆ ನನ್ನದೇ ಎಂದು ಅವರೆಲ್ಲ ತಿಳಿದಿದ್ದಾರೆ. ನಾನೂ ಬಹಳ ದಿನ ಹೊಗಳಿಸಿಕೊಂಡು ಸುಮ್ಮನಿದ್ದೆ.

ಆ ಯೋಚನೆ ನಮ್ಮೂರು ತೆಲಸಂಗದ ಒಂದು ಒಣದ್ರಾಕ್ಷಿ ಶೆಡ್ಡಿನದು. ನಾನು ಹತ್ತನೆಯ ತರಗತಿಯ ಪರೀಕ್ಷೆ ಬರೆದ ಬೇಸಿಗೆ. ನಮ್ಮೂರಲ್ಲಿ ಪರೀಕ್ಷೆ ಮುಗಿಯುವುದಕ್ಕೂ ದ್ರಾಕ್ಷಿ ಒಣಗುವುದಕ್ಕೂ ಸರಿಹೋಗುತ್ತಿತ್ತು. ರಿಸಲ್ಟ್ ಬರುವತನಕ ನಮ್ಮಂಥ ಹುಡುಗಿಯರು ಒಣದ್ರಾಕ್ಷಿ ಆರಿಸಲು ಹೋಗುತ್ತಿದ್ದೆವು. ಕಡ್ಡಿ ಬೇರೆ, ಕಪ್ಪಾದದ್ದು ಬೇರೆ, ಹೊಂಬಣ್ಣದ್ದು ಬೇರೆ. ಶೆಡ್ಡಿಗೆ ಗೋಡೆ ಇರಲಿಲ್ಲ. ಮೇಲೆ ತಗಡು, ಸುತ್ತಲೂ ಹಸಿರು ಬಲೆಯ ಪರದೆ, ಒಳಗೆ ಒಂದರ ಮೇಲೊಂದು ತಂತಿಯ ಅಟ್ಟಣಿಗೆಗಳಲ್ಲಿ ಹರಡಿದ ದ್ರಾಕ್ಷಿ. ಗಾಳಿ ಬಂದಾಗ ಪರದೆ ಉಬ್ಬಿ ಇಳಿಯುತ್ತಿತ್ತು. ಆ ಹಸಿರು ಬೆಳಕು ನಮ್ಮ ಕೈ ಮೇಲೆ, ಮುಖದ ಮೇಲೆ ಅಲುಗುತ್ತಿತ್ತು. ಬಾವಿಯ ತಳದಲ್ಲಿ ಕೂತು ಮೇಲಿನ ಲೋಕವನ್ನು ಕೇಳಿಸಿಕೊಂಡ ಹಾಗೆ ಎಲ್ಲ ಸದ್ದೂ ದೂರದಿಂದ ಬರುತ್ತಿತ್ತು.

ಶೆಡ್ಡಿನ ಯಜಮಾನರನ್ನು ಅಣ್ಣ ಎನ್ನುತ್ತಿದ್ದೆವು. ಅವರ ಹೆಂಡತಿ ನಮಗೆಲ್ಲ ವೈನಿ, ಅಂದರೆ ಅತ್ತಿಗೆ. ಗಡಿಯಾಚೆ ಸಾಂಗಲಿ ಕಡೆಯಿಂದ ಬಂದವರು. ನಮ್ಮ ಮಾತು ಚೆನ್ನಾಗಿ ಕಲಿತಿದ್ದರು, ಆದರೆ ಓದಿದ್ದೆಲ್ಲ ಮರಾಠಿಯಲ್ಲಿ. ಕನ್ನಡ ಅಕ್ಷರ ಅವರಿಗೆ ಬರುತ್ತಿರಲಿಲ್ಲ. ಹಾಗಿದ್ದೂ ಪಂಚಾಯಿತಿ ಗ್ರಂಥಾಲಯದಿಂದ ಚೀಲ ತುಂಬ ಕನ್ನಡ ಪುಸ್ತಕ ತರಿಸಿದ್ದರು. ಊಟವಾದ ಮೇಲೆ ಅರ್ಧ ತಾಸು ಕೆಲಸ ಬಂದ್. ಒಬ್ಬೊಬ್ಬಳು ಒಂದೊಂದು ಪುಸ್ತಕ ಹಿಡಿದು ಅಟ್ಟಣಿಗೆಗಳ ಸಂದಿಯಲ್ಲಿ ಮಾಯವಾಗಬೇಕು. ಆಮೇಲೆ ಆರಿಸುತ್ತ ಕೂತಾಗ ಓದಿದ್ದನ್ನು ಹೇಳಬೇಕು. ಕೈಗೆ ಕೆಲಸವಿತ್ತು, ಕಿವಿ ಖಾಲಿ ಇತ್ತು. ನಾವು ಹೇಳುತ್ತಿದ್ದೆವು. ವೈನಿ ಬಾಯಿ ಸ್ವಲ್ಪ ತೆರೆದು, ಕೈಯಲ್ಲಿ ಹಿಡಿದ ದ್ರಾಕ್ಷಿಯನ್ನು ಮರೆತು ಕೇಳುತ್ತಿದ್ದರು.

ನಾವು ಯಾರೂ ಅದುವರೆಗೆ ಪಾಠದ ಪುಸ್ತಕ ಬಿಟ್ಟು ಬೇರೆ ಓದಿದವರಲ್ಲ. ಮೊದಮೊದಲು ಎರಡು ಪುಟಕ್ಕೇ ನಿದ್ದೆ ಬರುತ್ತಿತ್ತು. ವೈನಿ ಬೈಯುತ್ತಿರಲಿಲ್ಲ. ಅವರು ಸಿಟ್ಟಾಗುತ್ತಿದ್ದದ್ದು ಒಂದೇ ವಿಷಯಕ್ಕೆ, ತಿಳಿಯದಿದ್ದರೂ ತಿಳಿದವರ ಹಾಗೆ ತಲೆ ಆಡಿಸಿದರೆ. ಸಾಂಗಲಿಯಲ್ಲಿ ಬಿ.ಎಸ್ಸಿ. ಮೊದಲ ವರ್ಷಕ್ಕೇ ತಮ್ಮ ಓದು ನಿಂತ ಕಥೆಯನ್ನು ಅವರು ಒಮ್ಮೆ ಹೇಳಿದ್ದರು.

"ಎಲ್ಲಾ ಇಂಗ್ಲಿಷ್‌ನ್ಯಾಗ ಹೇಳಾವ್ರು. ಎಲ್ಲಾರೂ ತಲೀ ಆಡಸ್ತಿದ್ರು, ನಾನೂ ಆಡಿಸ್ಕೋತ ಕುಂತೆ. ವರ್ಷ ಮುಗೀತು, ನಾಪಾಸ್ ಆದೆ, ಲಗ್ನಾ ಮಾಡಿದ್ರು. ಒಂದ ದಿನಾ ಎದ್ದ ನಿಂತು ತಿಳೀಲಿಲ್ಲ ಅಂದಿದ್ರ ಆಗ್ತಿತ್ತು. ನೀವರ ಅನ್ನಾಕ ಕಲೀರಿಬೇ."

ನನಗೆ ಆ ಮಾತು ತಾಕಿತ್ತು, ಯಾಕೆಂದರೆ ನಾನು ಸೈನ್ಸಿಗೆ ಹೋಗಬೇಕೆಂದು ಒಳಗೊಳಗೇ ಆಸೆ ಕಟ್ಟಿದ್ದೆ. ಅಪ್ಪ ಅಥಣಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವರ ತಂಗಿಯ ಮಗ ಸೈನ್ಸ್ ಸೇರಿ ಎರಡೇ ತಿಂಗಳಿಗೆ ಪುಸ್ತಕಗಳನ್ನು ಚೀಲದಲ್ಲಿ ತುಂಬಿಕೊಂಡು ವಾಪಸ್ ಬಂದಿದ್ದ. ಕನ್ನಡ ಶಾಲೆಯ ಮಕ್ಕಳಿಗೆ ಅದು ಆಗಿಬರುವುದಿಲ್ಲ ಎಂದು ಅಪ್ಪ ತೀರ್ಮಾನಿಸಿಬಿಟ್ಟಿದ್ದರು. ನನಗೆ ಆರ್ಟ್ಸ್ ಎಂದು ಮನೆಯಲ್ಲಿ ಪಕ್ಕಾ ಆಗಿತ್ತು. ವೈನಿಯ ಹತ್ತಿರ ಹೋಗಿ ಅತ್ತುಬಿಟ್ಟೆ. ಒಂದು ದಪ್ಪ ಪುಸ್ತಕ ಯಾರ ಸಹಾಯವೂ ಇಲ್ಲದೆ ಓದಿ ಮುಗಿಸು, ಅದನ್ನು ಹೇಳಿಯೇ ನಿಮ್ಮಪ್ಪನನ್ನು ಒಪ್ಪಿಸುತ್ತೇನೆ ಅಂದರು.

ನಾನು ಚೀಲದಲ್ಲಿದ್ದ ಎಲ್ಲಕ್ಕಿಂತ ದಪ್ಪನೆಯದನ್ನೇ ಎತ್ತಿಕೊಂಡೆ. ರಟ್ಟು ಹರಿದು ಹೋಗಿತ್ತು, ಹೆಸರು ಯಾರಿಗೂ ಗೊತ್ತಿರಲಿಲ್ಲ. ದೋಣಿ ನಡೆಸುವವನ ಮಗಳೊಬ್ಬಳು ಕಾಣೆಯಾದ ಅಕ್ಕನನ್ನು ಹುಡುಕುತ್ತ ನದಿಯ ಗುಂಟ ಊರೂರು ಅಲೆಯುವ ಕಥೆ. ದಿನಾ ಅಷ್ಟಷ್ಟು ಓದಿ ಹೇಳುತ್ತಿದ್ದೆ. ವೈನಿ ನದಿಯ ದಂಡೆಯಲ್ಲಿ ಬೆಳೆದವರು. ತೆಲಸಂಗದ ಒಣ ನೆಲದಲ್ಲಿ ಕೂತು ಆ ನದಿಯನ್ನು ಕೇಳುತ್ತಿದ್ದರು. ಅರ್ಧಕ್ಕೆ ಬಂದಾಗ ಪುಸ್ತಕ ನನ್ನ ಕೈಮೀರಿತು. ವಾಕ್ಯಗಳು ಉದ್ದವಾದವು, ಯಾರು ಯಾರೆಂದು ಗೊತ್ತಾಗದಾಯಿತು. ತಿಳಿಯಲಿಲ್ಲ ಎಂದು ಹೇಳಬಹುದಿತ್ತು. ಹೇಳಿದರೆ ಸೈನ್ಸ್ ಹೋಯಿತು ಎಂಬ ಹೆದರಿಕೆ. ನಾನು ಓದುವುದನ್ನು ಬಿಟ್ಟೆ, ಕಥೆ ಹೇಳುವುದನ್ನು ಬಿಡಲಿಲ್ಲ. ಕೊನೆಗೊಂದು ದಿನ ಅಕ್ಕನನ್ನು ನಾನೇ ಹುಡುಕಿಕೊಟ್ಟೆ. ಆಚೆ ದಂಡೆಯ ಶಾಲೆಯಲ್ಲಿ ಅಕ್ಕ ಮಕ್ಕಳಿಗೆ ಕಲಿಸುತ್ತ ನಿಂತಿದ್ದಾಳೆ, ಕಿಟಕಿಯಿಂದ ತಂಗಿ ನೋಡುತ್ತಾಳೆ, ಅಕ್ಕ ಪಾಠ ನಿಲ್ಲಿಸದೆ ಕೈ ಸನ್ನೆಯಲ್ಲೇ ಕೂರು ಅನ್ನುತ್ತಾಳೆ... ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ನಾಚಿಕೆ ಆಗಬೇಕಿತ್ತು. ಆದದ್ದು ಹೆಮ್ಮೆ.

ಮರುದಿನ ವೈನಿ ಒಂದು ರಟ್ಟಿನ ಡಬ್ಬಿಯ ಮುಚ್ಚಳ ತಂದು ಮುಂದಿಟ್ಟರು. ಅದರ ಮೇಲೆ ತಮ್ಮ ಮರಾಠಿ ಅಕ್ಷರಮಾಲೆ ಬರೆದಿದ್ದರು, ಪಕ್ಕದಲ್ಲಿ ಕನ್ನಡದ್ದನ್ನು ನಾವು ಬರೆದುಕೊಡಬೇಕು. "ಆ ಶಾಳಾದ ಭಾಗ ನಾನ ಓದಬೇಕು" ಅಂದರು. ಶಾಲೆ ಅವರ ಬಾಯಲ್ಲಿ ಯಾವಾಗಲೂ ಶಾಳಾ. ನಾವು ನಕ್ಕೆವು, ಬರೆದುಕೊಟ್ಟೆವು. ಬೆಳಿಗ್ಗೆ ನಾವು ಬರುವ ಮೊದಲೇ ಅವರು ಗೋಣಿಚೀಲದ ಮೇಲೆ ಕೂತು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸುತ್ತಿದ್ದರು. ಒತ್ತಕ್ಷರ ಬಂದಲ್ಲಿ ಬೆರಳು ನಿಲ್ಲುತ್ತಿತ್ತು. ಸಾವಕಾಶ ಮುಂದೆ ಸರಿಯುತ್ತಿತ್ತು. ಕೊನೆಯ ಅಧ್ಯಾಯಕ್ಕೇ ಕೈ ಹಾಕಿದ್ದರು. ಅವರಿಗೆ ಬೇಕಾದದ್ದು ಅದೊಂದೇ. ಅವರ ಬೆರಳು ಎಲ್ಲಿಗೆ ಬಂತೆಂದು ನಾನು ದಿನಾ ಕದ್ದು ನೋಡುತ್ತಿದ್ದೆ. ಮುಗಿಸಲಾರರು ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡೆ.

ಮುಗಿಸಿದರು. ಹಂಗಾಮು ಮುಗಿಯುವ ವಾರ, ಹಿಂದಿನ ಅಟ್ಟಣಿಗೆಯ ಹತ್ತಿರ ನಾನೊಬ್ಬಳೇ ಇದ್ದಾಗ ಪುಸ್ತಕ ಹಿಡಿದು ಬಂದರು.

"ಕಡೀ ಭಾಗ ಪೂರಾ ಓದಿದೆ ನೋಡವಾ. ಅಕ್ಕ ಸಿಗೂದು ನನಗ ಕಾಣಲಿಲ್ಲ. ತಂಗಿ ಒಬ್ಬಾಕಿನ ತಿರುಗಿ ಮನೀಗೆ ಹೋದಂಗ ಐತಿ. ಶಾಳಾ ಯಾವ ಹಾಳ್ಯಾಗ ಐತಿ, ತೋರಸು."

ಆ ಕ್ಷಣ ಇನ್ನೂ ನನ್ನೊಳಗೆ ಹಾಗೇ ಇದೆ. ಪರದೆ ಉಬ್ಬುತ್ತದೆ, ಇಳಿಯುತ್ತದೆ. ಹಸಿರು ಬೆಳಕು ತೆರೆದ ಪುಟದ ಮೇಲೆ ಹರಿಯುತ್ತದೆ. ನಾನು ಪುಸ್ತಕ ಇಸಿದುಕೊಂಡು, ಹಾಳೆ ತಿರುವಿ, ತೀರ ಉದ್ದನೆಯ ವಾಕ್ಯವೊಂದರ ಮೇಲೆ ಬೆರಳಿಟ್ಟೆ.

"ಇಲ್ಲೇ ಐತ್ರಿ ವೈನಿ. ಒತ್ತಕ್ಷರ ಭಾಳ ಅದಾವ. ನಿಮಗ ತಿಳದಿಲ್ಲ."

ಅವರು ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ನಕ್ಕರು. "ಹೌದನ? ನನಗ ತಿಳೀಲಿಲ್ಲ ನೋಡು." ಎಷ್ಟು ಸಲೀಸಾಗಿ ಅಂದರು ಆ ಮಾತನ್ನು. ಸಂಕೋಚವಿಲ್ಲ, ಅನುಮಾನವಿಲ್ಲ. ಪುಸ್ತಕವನ್ನು ಚೀಲಕ್ಕೆ ಹಾಕಿಬಿಟ್ಟರು.

ರಿಸಲ್ಟ್ ಬಂದ ದಿನವೇ ಅವರು ನಮ್ಮ ಮನೆಗೆ ಬಂದರು. ಅಪ್ಪ ಚಾಪೆ ಹಾಸಿ, "ಕುಂಡ್ರಿ ಅಕ್ಕಾರ" ಅಂದರು. ವೈನಿ ಕೂರದೆಯೇ ಹೇಳಿದರು.

"ಇಷ್ಟ ದಪ್ಪ ಪುಸ್ತಕ ಒಬ್ಬಾಕಿನ ಓದಿ ಹೇಳ್ಯಾಳ್ರಿ ಕಾಕಾ. ನನಗ ತಿಳೀಲಾರದ್ದು ಆಕೀಗೆ ತಿಳದೈತಿ. ಸೈನ್ಸಿಗೆ ಕಳಸ್ರಿ."

ಅಪ್ಪ ನನ್ನ ಮುಖ ನೋಡಿದರು. ನಾನು ನೆಲ ನೋಡುತ್ತಿದ್ದೆ. ಅದನ್ನು ವಿನಯ ಅಂದುಕೊಂಡಿರಬೇಕು, ಒಪ್ಪಿದರು. ಅರ್ಜಿ ತುಂಬುವ ದಿನ ಅಥಣಿಗೆ ವೈನಿಯೇ ಜೊತೆಗೆ ಬಂದರು. ಯಾವ ದಾಖಲೆ ಮೊದಲು, ಯಾವುದರ ಝೆರಾಕ್ಸ್ ಎಷ್ಟು ಬೇಕು, ಡಿಕ್ಷನರಿ ಯಾವುದು ಕೊಳ್ಳಬೇಕು ಎಂದು ಬಸ್ಸಿನುದ್ದಕ್ಕೂ ಹೇಳುತ್ತಲೇ ಇದ್ದರು.

ಕಾಲೇಜಿನ ಮೊದಲ ವಾರ ಫಿಸಿಕ್ಸ್ ಸರ್ ಬೋರ್ಡ್ ತುಂಬ ಬರೆದು ಇಂಗ್ಲಿಷಿನಲ್ಲಿ ಕೇಳಿದರು, ಗೊತ್ತಾಯಿತೇ ಅಂತ. ಕ್ಲಾಸಿಗೆ ಕ್ಲಾಸೇ ತಲೆ ಆಡಿಸಿತು. ನಾನು ಎದ್ದು ನಿಂತು "ತಿಳೀಲಿಲ್ರಿ ಸರ್" ಅಂದೆ. ಅವರು ಮತ್ತೆ ಹೇಳಿದರು. ಮರುದಿನ ಇನ್ನಿಬ್ಬರು ಎದ್ದರು. ಎರಡು ವರ್ಷ ನನ್ನನ್ನು ದಾಟಿಸಿದ್ದು ಆ ಒಂದು ಮಾತು.

ಆ ರಟ್ಟಿಲ್ಲದ ಪುಸ್ತಕವನ್ನು ನಾನು ಗ್ರಂಥಾಲಯದಿಂದ ತಂದು ಪೂರ್ತಿ ಓದಿದ್ದು ಎರಡನೆಯ ವರ್ಷದ ರಜೆಯಲ್ಲಿ. ವೈನಿ ಓದಿದ್ದೇ ಸರಿಯಿತ್ತೆಂದು ಆಗ ತಿಳಿಯಿತು. ಓಡಿ ಹೋಗಿ ಹೇಳಬೇಕಿತ್ತು, ಶೆಡ್ಡು ಎರಡು ಹೊಲದಾಚೆ ಇತ್ತು. ಮುಂದಿನ ಸಲ ಹೇಳಿದರಾಯಿತು ಅಂದುಕೊಂಡೆ... ಮುಂದೆ ಧಾರವಾಡ, ನೌಕರಿ, ಮದುವೆ. ಊರಿಗೆ ಬಂದಾಗಲೆಲ್ಲ ವೈನಿ ಸಿಕ್ಕುತ್ತಿದ್ದರು, ನನ್ನ ಗಲ್ಲ ಸವರುತ್ತಿದ್ದರು. ನಾನು ಬೇರೆಲ್ಲ ಮಾತಾಡಿ ಬರುತ್ತಿದ್ದೆ. ಎರಡು ವರ್ಷದ ಹಿಂದೆ ನನ್ನ ತಮ್ಮ ಫೋನ್ ಮಾಡಿ ವೈನಿ ತೀರಿಹೋದರು ಅಂದ. ಪರೀಕ್ಷೆಯ ಡ್ಯೂಟಿ ಇತ್ತು, ಹೋಗಲಾಗಲಿಲ್ಲ. ಡ್ಯೂಟಿ ಇರದಿದ್ದರೂ ಹೋಗುತ್ತಿದ್ದೆನೋ ಇಲ್ಲವೋ.

ಮೊನ್ನೆ ಭಾನುವಾರ ಹೋದೆ. ಅಣ್ಣ ಶೆಡ್ಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ತಲೆ ಪೂರಾ ಬೆಳ್ಳಗಾಗಿದೆ. ಊರ ಸುದ್ದಿ, ಮಕ್ಕಳ ಸುದ್ದಿ ಎಲ್ಲ ಆದ ಮೇಲೆ, ವೈನಿ ಆಮೇಲೆ ಕನ್ನಡ ಪುಸ್ತಕ ಓದುತ್ತಿದ್ದರೇ ಎಂದು ಕೇಳಿದೆ.

"ಇಲ್ಲವಾ. ಒಂದ ಸಲ ಹಟಾ ಹಿಡದ ಕಲತಿದ್ಲು. ಆಮ್ಯಾಲ ಇದು ನನಗ ಬರೂದಲ್ಲ ಅಂತ ಬಿಟ್ಟಳು. ಮತ್ತ ಮುಟ್ಟಲಿಲ್ಲ."

"ಬರ್ತಿತ್ರಿ ಅಣ್ಣಾ," ಅಂದೆ. "ವೈನಿಗೆ ಚಲೋ ಓದಾಕ ಬರ್ತಿತ್ತು. ಅವತ್ತ ಅವರು ಓದಿದ್ದು ಸರಿ ಇತ್ತು. ನಾನ ಸುಳ್ಳ ಹೇಳಿದೆ."

ಅಣ್ಣ ತಲೆ ಆಡಿಸಿದರು. ನಾನು ಯಾವ ದಿನದ, ಯಾವ ಓದಿನ ಮಾತಾಡುತ್ತಿದ್ದೇನೆಂದು ಅವರಿಗೆ ಗೊತ್ತಾಗಲಿಲ್ಲ, ಕೇಳಲೂ ಇಲ್ಲ. ಹೋದವರ ಬಗ್ಗೆ ಬಂದವರು ಒಳ್ಳೆಯ ಮಾತಾಡುತ್ತಾರೆ, ಇದೂ ಅಂಥದೊಂದು ಎಂದು ತಿಳಿದಿರಬೇಕು. ಕೇಳಬೇಕಾದವರು ಇರಲಿಲ್ಲ. ಆದರೂ ಅಲ್ಲಿಂದ ಏಳುವ ಮೊದಲು ಇನ್ನೊಂದು ಸಲ, ನನಗಷ್ಟೇ ಕೇಳುವಷ್ಟು ಮೆಲ್ಲಗೆ, ಹೇಳಿದೆ: ಅಕ್ಕ ಆ ಪುಸ್ತಕದಲ್ಲಿ ಸಿಗುವುದೇ ಇಲ್ರಿ ವೈನಿ.