ನಮ್ಮ ಮಾವ ಕೂಗಬಾರದು

ನಮ್ಮ ಮಾವ ಮನೇಲಿ ಮಾತಾಡಿದ್ರೆ ಪಕ್ಕದ ಮನೆಯವರು ಉತ್ತರ ಕೊಡ್ತಾರೆ. ತಮಾಷೆಗೆ ಹೇಳ್ತಿಲ್ಲ, ನಿಜ! ಒಂದ್ಸಲ ಅಡುಗೆಮನೇಲಿ ನಿಂತು "ಉಪ್ಪೆಲ್ಲಿದೆ?" ಅಂದ್ರು, ಕಿಟಕಿ ಆಚೆಯಿಂದ "ನಮ್ಮನೇಲೂ ಖಾಲಿ ಕಣ್ರೀ" ಅಂತ ಬಂತು. ಮಾವ ಅಂದ್ರೆ ಅಮ್ಮನ ತಮ್ಮ, ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಇಪ್ಪತ್ತಾರು ವರ್ಷ ಎಂಜಿನ್‌ಗಳ ಮಧ್ಯೆ ನಿಂತು ನಿಂತು ಎಡಗಿವಿ ಅರ್ಧ ಹೋಗಿದೆ, ಅವರ ದನಿ ಅವರಿಗೆ ಕೇಳಿಸ್ಬೇಕು ಅಂದ್ರೆ ಇಡೀ ಬೀದಿಗೆ ಕೇಳಿಸ್ಬೇಕು. ಇಂಥ ಮನುಷ್ಯ ಚಿಕ್ಕ ಮಕ್ಕಳಿಗೆ ರಗ್ಬಿ ಕೋಚ್ ಆಗೋಕೆ ಹೊರಟ್ರು ಅಂದ್ರೆ ನಂಬ್ತೀರಾ?

ಹೊರಟಿದ್ದೂ ಪ್ಲಾನ್ ಮಾಡಿ ಅಲ್ಲ. ನಮ್ಮ ಏರಿಯಾ ಕ್ಲಬ್ಬಿನ ಗ್ರೌಂಡಲ್ಲಿ ರೋಲರ್ ಕೆಟ್ಟಿತ್ತು, ರಿಪೇರಿಗೆ ಕರೆದ್ರು, ಹೋದ್ರು. ರೋಲರ್ ಅರ್ಧ ಗಂಟೇಲಿ ಸರಿಹೋಯ್ತು, ಮಾವ ಮಾತ್ರ ಕತ್ತಲಾಗೋವರೆಗೂ ವಾಪಸ್ ಬರ್ಲಿಲ್ಲ. ಹನ್ನೆರಡು ವರ್ಷದೊಳಗಿನ ಮಕ್ಕಳು ಮೊಟ್ಟೆ ಆಕಾರದ ಆ ಚೆಂಡು ಹಿಡ್ಕೊಂಡು ಹೇಗೆ ಬೇಕೋ ಹಾಗೆ ಬೀಳ್ತಿದ್ರಂತೆ, ಹೇಳಿಕೊಡೋರು ಇಲ್ಲ. ಮಾವ ಡಿಪೋಗೆ ಸೇರಿದ ಹೊಸದ್ರಲ್ಲಿ ಅಲ್ಲಿನ ರಗ್ಬಿ ಟೀಮಲ್ಲಿ ಆಡಿ ಎರಡು ಹಲ್ಲು ಗ್ರೌಂಡಲ್ಲೇ ಬಿಟ್ಟು ಬಂದವರು, ನೋಡ್ಕೊಂಡು ಸುಮ್ನಿರೋಕೆ ಆಗುತ್ತಾ? "ಅಕ್ಕಾ, ಆ ಮಕ್ಕಳಿಗೆ ಬೀಳೋಕೇ ಬರಲ್ಲ ಕಣೇ!" ಅಂತ ಅಮ್ಮನ ಹತ್ರ ಬಂದು ಒದ್ದಾಡಿದ್ರು. ಮುಂದಿನ ವಾರ ಟ್ರೇನಿಂಗ್ ಕೋರ್ಸಿಗೆ ಸೇರಿದ್ರು, ಪಾಸಾದ್ರು, ವಿಸಲ್ ಸಿಕ್ತು. ನಲವತ್ತೆಂಟು ವರ್ಷದ ಮಾವ ಅಷ್ಟು ಖುಷಿಯಾಗಿದ್ದನ್ನ ನಾನಂತೂ ಹಿಂದೆ ನೋಡಿರಲಿಲ್ಲ!

ಎರಡನೇ ವಾರಕ್ಕೇ ಕಂಪ್ಲೇಂಟ್ ಬಂತು.

ಟೀಮಲ್ಲಿ ಬುಲೆಟ್ ಅಂತ ಒಬ್ಬ ಹುಡುಗಿ ಇದಾಳೆ, ಓಡೋಕೆ ಶುರು ಮಾಡಿದ್ರೆ ಹಿಡಿಯೋರಿಲ್ಲ. ಒಂದಿನ ಪ್ರಾಕ್ಟೀಸಲ್ಲಿ ತಲೆ ತಗ್ಗಿಸಿ ಟ್ಯಾಕಲ್‌ಗೆ ನುಗ್ಗಿದ್ಲು, ಅಂದ್ರೆ ಎದುರಿನವರನ್ನ ತಬ್ಬಿ ಬೀಳಿಸೋಕೆ. ಕುತ್ತಿಗೆಗೆ ಅಪಾಯ ಅಂತ ಮಾವ "ತಲೆ ಎತ್ತೇ!" ಅಂತ ಕಿರುಚಿದ್ರು. ಹುಡುಗಿ ಬೆಚ್ಚಿಬಿದ್ದು ಅತ್ತುಬಿಟ್ಲು. ಅವಳಮ್ಮ ಮೆಡಿಕಲ್ ಶಾಪ್ ಇಟ್ಟಿದಾರೆ, ನೀಟಾದ ಅಕ್ಷರದಲ್ಲಿ ಒಂದು ಪುಟ ಬರೆದುಕೊಟ್ರು. ಕ್ಲಬ್ ಸೆಕ್ರೆಟರಿ ಮೇಡಂ ರಿಟೈರ್ಡ್ ನರ್ಸ್, ಯಾರಿಗೂ ಜಗ್ಗೋರಲ್ಲ. ಮಾವನ್ನ ಕೂರಿಸಿ ಹೇಳಿದ್ರು: "ನಿಮ್ಮ ಉದ್ದೇಶ ಒಳ್ಳೇದೇ. ಆದ್ರೆ ಮಕ್ಕಳ ಮೇಲೆ ಕೂಗೋದು ನಮ್ಮ ಕ್ಲಬ್ಬಲ್ಲಿ ನಡಿಯಲ್ಲ. ಈ ಸೀಸನ್ ನೋಡ್ತೀವಿ, ಇನ್ನೊಂದು ಸಲ ಕೂಗಿದ್ರೆ ವಿಸಲ್ ವಾಪಸ್."

ಮಾವ ಮನೆಗೆ ಬಂದು ಕ್ಲಬ್ಬಿನ ನಿಯಮದ ಪುಸ್ತಕ ನನ್ನ ಮುಂದೆ ಹಾಕಿದ್ರು. "ಇಂಗ್ಲಿಷ್ ಮೀಡಿಯಂ ಅಲ್ವಾ ನೀನು? ಓದು." ಓದ್ದೆ. ಪ್ರಾಕ್ಟೀಸಲ್ಲಿ ಯಾವಾಗ್ಲೂ ದೊಡ್ಡವರು ಇಬ್ಬರಿರಬೇಕು. ತಲೆಗೆ ಪೆಟ್ಟು ಬಿದ್ದ ಮಗು ಅವತ್ತು ಮತ್ತೆ ಆಡೋ ಹಾಗಿಲ್ಲ, ಎಷ್ಟೇ ಅತ್ತರೂ. ಎಲ್ಲಾ ಮಕ್ಕಳಿಗೂ ಅರ್ಧ ಆಟ ಆದ್ರೂ ಸಿಗ್ಬೇಕು, ಓಡೋಕೆ ಬರದಿದ್ರೂ. ಬೈಬಾರದು, ಹೋಲಿಸಬಾರದು, ಕೂಗಬಾರದು.

"ಗೆಲ್ಲೋದು ಯಾವ ಪುಟದಲ್ಲಿದೆ?"

"ಇಲ್ಲ ಮಾವ."

"ಸರಿಯಾಗಿ ನೋಡೇ."

"ಇಲ್ಲವೇ ಇಲ್ಲ ಮಾವ!"

ಅತ್ತೆ ಬಟ್ಟೆ ಮಡಚ್ತಾ ಇದ್ದವರು, "ಮದುವೆಯಾದಾಗಿಂದ ಇವರ ಬಾಯಿ ಮುಚ್ಚಿಸೋಕೆ ನೋಡ್ತಿದೀನಿ. ಪುಸ್ತಕ ಇಷ್ಟು ದಿನ ಎಲ್ಲಿತ್ತು?" ಅಂದ್ರು. ಆಮೇಲೆ ಸೀರೆ ಸೆರಗು ಸರಿ ಮಾಡ್ಕೊಂಡು, "ಇಬ್ಬರು ದೊಡ್ಡವರು ಅಂತಿದೆಯಲ್ಲ, ಎರಡನೆಯವಳು ನಾನು" ಅಂದ್ರು!

ಮಾವ ಬಾಯಿ ಮುಚ್ಚಿದ್ರು. ಆದ್ರೆ ಏನಾಯ್ತು ಗೊತ್ತಾ, ಮೆಲ್ಲಗೆ ಮಾತಾಡಿದ್ರೆ ಮಕ್ಕಳಿಗೆ ಕೇಳ್ತಿರಲಿಲ್ಲ. ಎರಡು ವಾರ ಗ್ರೌಂಡ್ ತುಂಬ ಗೊಂದಲ. ಮಾವ ಊಟ ಮಾಡುವಾಗ್ಲೂ ಮುಖ ಊದಿಸ್ಕೊಂಡಿರ್ತಿದ್ರು. "ನನ್ನ ಕೈಲಿ ಆಗಲ್ಲ ಬಿಡು. ವಿಸಲ್ ನಾನೇ ಕೊಟ್ಟುಬಿಡ್ತೀನಿ" ಅಂತ ಒಂದು ದಿನ ಅಂದೇಬಿಟ್ರು.

ಅದೇ ವಾರ ಅವರಿಗೆ ಊಟದ ಡಬ್ಬಿ ಕೊಡೋಕೆ ನಾನು ಡಿಪೋಗೆ ಹೋದೆ. ಶೆಡ್ ಒಳಗೆ ನಾಲ್ಕು ಬಸ್ ಸ್ಟಾರ್ಟಲ್ಲಿದ್ವು, ಡೀಸೆಲ್ ಹೊಗೆ, ಕಿವಿ ಕಿತ್ತೋಗೋ ಸದ್ದು, ಆದ್ರೆ ಯಾರೂ ಒಂದು ಮಾತಾಡ್ತಿಲ್ಲ. ಎಲ್ಲಾ ಕೈಸನ್ನೆ! ಅಂಗೈ ಕೆಳಗೆ ಒತ್ತಿದ್ರೆ ನಿಧಾನ. ಹೆಬ್ಬೆರಳು ಭುಜದ ಮೇಲಿಂದ ಹಿಂದಕ್ಕೆ ತೋರಿಸಿದ್ರೆ ರಿವರ್ಸ್. ಎರಡೂ ಕೈ ತಲೆ ಮೇಲಿಟ್ರೆ ಬಸ್ ಕೆಳಗೆ ಮನುಷ್ಯ ಇದಾನೆ, ಇದ್ದಲ್ಲೇ ನಿಲ್ಲು. ಅದನ್ನ ನೋಡಿದವನೂ ತನ್ನ ತಲೆ ಮೇಲೆ ಕೈ ಇಡ್ಬೇಕು, ಅವನನ್ನ ನೋಡಿದವನೂ ಇಡ್ಬೇಕು, ಶೆಡ್ ಕೊನೆವರೆಗೂ ಹಾಗೇ ಹೋಗುತ್ತೆ.

"ಮಾವ! ಮಕ್ಕಳಿಗೆ ಇದನ್ನೇ ಯಾಕೆ ಕಲಿಸಬಾರದು?"

ಮಾವ ಡಬ್ಬಿ ಹಿಡ್ಕೊಂಡು ಹಾಗೇ ನಿಂತ್ರು. ಆಮೇಲೆ ನಕ್ಕರು ನೋಡಿ, ಆ ನಗು ನಾಲ್ಕು ಎಂಜಿನ್ ಸದ್ದು ದಾಟಿ ಕೇಳಿಸ್ತು.

ಮಕ್ಕಳಿಗಂತೂ ಹಬ್ಬ! ರಗ್ಬಿಯಲ್ಲಿ ಓಡೋದು ಮುಂದಕ್ಕೆ, ಚೆಂಡು ಎಸೆಯೋದು ಮಾತ್ರ ಹಿಂದಕ್ಕೆ, ರಿವರ್ಸ್ ಸನ್ನೆ ಅದಕ್ಕೇ ಮಾಡಿಟ್ಟ ಹಾಗಿತ್ತು. ಟ್ಯಾಕಲ್‌ಗೆ ಹೋಗುವಾಗ ಗದ್ದ ಮುಟ್ಟಿ ತೋರಿಸಿದ್ರೆ ತಲೆ ಎತ್ತು ಅಂತ. ತಿಂಗಳಲ್ಲಿ ಇಡೀ ಟೀಮ್ ಡಿಪೋ ಸ್ಟಾಫ್ ಥರ ಆಗೋಯ್ತು. ಬುಲೆಟ್ ಮನೇಲಿ ಊಟಕ್ಕೆ ಕೂತು ಅಮ್ಮನಿಗೆ ರಿವರ್ಸ್ ತೋರಿಸಿ ಪಲ್ಯ ವಾಪಸ್ ಕಳಿಸ್ತಾಳಂತೆ.

ಕೊನೆ ಮ್ಯಾಚ್ ದಿನ ನಾವೆಲ್ಲ ಬೇಲಿ ಪಕ್ಕ. ಇದೊಂದು ದಾಟಿದ್ರೆ ಮಾವನ ಸೀಸನ್ ಪಾಸ್. ನಾವು ಎರಡೇ ಪಾಯಿಂಟ್ ಹಿಂದಿದ್ವಿ, ಉಳಿದಿದ್ದು ಎರಡು ನಿಮಿಷ, ಗೆರೆ ದಾಟಿ ಚೆಂಡು ನೆಲಕ್ಕೆ ಮುಟ್ಟಿಸಿದ್ರೆ ಐದು ಪಾಯಿಂಟ್. ಚೆಂಡು ಬುಲೆಟ್ ಕೈಗೆ ಬಂತು! ಅವಳು ಹಾರಿದ್ಲು, ನಾವು ಗಂಟಲು ಹರ್ಕೊಂಡು ಕಿರುಚ್ತಿದೀವಿ, ರೆಫ್ರಿ ಅವಳ ಹಿಂದೆ ಓಡ್ತಿದಾನೆ, ಎಲ್ಲರ ಕಣ್ಣೂ ಅವಳ ಮೇಲೆ.

ಮಾವನ ಕಣ್ಣು ಮಾತ್ರ ಹಿಂದೆ ಉಳಿದಿತ್ತು. ಮಧ್ಯದಲ್ಲಿ ಆರೇಳು ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದಿದ್ರು, ತಳದಲ್ಲಿ ಎದುರು ಟೀಮಿನ ಒಬ್ಬ ಹುಡುಗ, ಕುತ್ತಿಗೆ ಮಡಚ್ಕೊಂಡು ಸಿಕ್ಕಿಹಾಕ್ಕೊಂಡಿದ್ದ. ಮೇಲಿದ್ದವರು ಏಳೋ ಅವಸರದಲ್ಲಿ ಅವನನ್ನೇ ಒತ್ತುತ್ತಿದ್ರು. ಆ ಗಲಾಟೇಲಿ ಯಾರು ಕೂಗಿದ್ರೂ ಕೇಳ್ತಿರಲಿಲ್ಲ. ಮಾವ ಎರಡೂ ಕೈ ತಲೆ ಮೇಲಿಟ್ರು.

ರಾಶಿ ಮೇಲಿದ್ದ ನಮ್ಮ ಹುಡುಗ ನೋಡ್ದ, ಅಲ್ಲಾಡದೆ ತಲೆ ಮೇಲೆ ಕೈ ಇಟ್ಟ. ಪಕ್ಕದವಳು ಇಟ್ಲು. ಬುಲೆಟ್ ಜೊತೆ ಓಡ್ತಿದ್ದ ಹುಡುಗ ತಿರುಗಿ ನೋಡ್ದ, ಅವನೂ ಇಟ್ಟ. ಬುಲೆಟ್ ಅವನನ್ನ ನೋಡಿದ್ಲು. ಗೆರೆಗೆ ಮೂರೇ ಹೆಜ್ಜೆ! ನಿಂತೇಬಿಟ್ಲು, ಚೆಂಡು ಕಾಲ ಹತ್ರ ಇಟ್ಟು ಕೈ ತಲೆ ಮೇಲೆ.

ರೆಫ್ರಿ ತಿರುಗಿ ನೋಡಿ ವಿಸಲ್ ಊದ್ದ. ಸೆಕ್ರೆಟರಿ ಮೇಡಂ ಆ ವಯಸ್ಸಲ್ಲಿ ಓಡಿದ್ದು ನೋಡ್ಬೇಕಿತ್ತು! ಆ ಹುಡುಗನ್ನ ಅಲ್ಲಾಡಿಸದೆ, ಬೆರಳು ಆಡ್ಸು, ಕಾಲು ಆಡ್ಸು ಅಂತ ಕೇಳಿ ಕೇಳಿ, ಐದು ನಿಮಿಷ ಆದ್ಮೇಲೆ ಎಬ್ಬಿಸಿ ಕೂರಿಸಿದ್ರು. ಕುತ್ತಿಗೆ ಉಳುಕಿತ್ತು ಅಷ್ಟೇ, ಡಾಕ್ಟರ್ ಹತ್ರ ಕಳಿಸಿದ್ರು. ಮ್ಯಾಚ್ ಮತ್ತೆ ಶುರುವಾಯ್ತು, ಚೆಂಡು ನಮ್ಮ ಕೈ ತಪ್ತು, ನಾವು ಸೋತ್ವಿ.

"ಗೆದ್ದಿದ್ದ ಮ್ಯಾಚ್ ಕೈಯಾರೆ ಕೊಟ್ರಲ್ರೀ!" ಅಂತ ನಮ್ಮ ಟೀಮಿನ ಒಬ್ಬ ಹುಡುಗನ ಅಪ್ಪ ಮಾವನ ಮೇಲೆ ಎಗರಿದ್ರು. "ನಾಳೆನೇ ಬರೆದುಕೊಡ್ತೀನಿ!" ಅಷ್ಟರಲ್ಲಿ ಬುಲೆಟ್ ಅಮ್ಮನೂ ಆ ಕಡೆಯಿಂದ ನೇರ ನಡ್ಕೊಂಡು ಬಂದ್ರು. ಮುಗೀತು ಕಥೆ ಅಂದ್ಕೊಂಡೆ.

"ಅದು ನಮ್ಮ ಟೀಮಿನ ಹುಡುಗ ಅಲ್ಲ" ಅಂದ್ರು.

"ಹೌದಮ್ಮ."

"ಗೊತ್ತಿತ್ತಾ ನಿಮಗೆ?"

"ಯಾರ ಹುಡುಗ ಅಂತ ನೋಡೋಕೆ ಟೈಮೆಲ್ಲಿತ್ತಮ್ಮಾ?"

ಬುಲೆಟ್ ಮೂಗು ಒರೆಸ್ಕೊಂಡು ಅಳ್ತಾ ಬಂದು ಮಾವನ ಕೈ ಹಿಡ್ಕೊಂಡ್ಲು, "ನಾನು ನಿಂತಿದ್ದು ಸರಿ ಅಲ್ವಾ ಸರ್?" ಮಾವ ಹೌದು ಅಂತ ತಲೆ ಆಡಿಸಿದ್ರು.

"ಮುಂದಿನ ವರ್ಷ ಇವಳ ತಮ್ಮನ್ನೂ ಕಳಿಸ್ತೀನಿ" ಅಂದ್ರು ಅವಳಮ್ಮ. "ಅವನು ಮನೇಲಿ ಯಾರ ಮಾತೂ ಕೇಳಲ್ಲ." ಆಮೇಲೆ ಎಗರಾಡ್ತಿದ್ದ ಆ ಅಪ್ಪನ ಕಡೆ ತಿರುಗಿ, "ನೀವು ಬರೀರಿ. ನಾನೂ ಬರೀತೀನಿ, ನನ್ನ ಅಕ್ಷರ ಚೆನ್ನಾಗಿದೆ" ಅಂದ್ರು!

ಸೋಮವಾರ ಕಮಿಟಿ ಕೂತು ಎರಡೂ ಕಾಗದ ಓದಿದ್ರು. ಸೆಕ್ರೆಟರಿ ಮೇಡಂ ಮಾವನ್ನ ಒಳಗೆ ಕರೆದು, ಹನ್ನೆರಡರೊಳಗಿನ ಟೀಮ್ ಮುಂದಿನ ವರ್ಷವೂ ನಿಮ್ಮದೇ ಅಂದ್ರಂತೆ. ಜೊತೆಗೆ ಇನ್ನೊಂದು ಕೆಲಸ: ಕ್ಲಬ್ಬಿನ ಉಳಿದ ಐದು ಕೋಚ್‌ಗಳಿಗೂ ಈ ಸನ್ನೆ ಕಲಿಸ್ಬೇಕು, ಶನಿವಾರದಿಂದ. ಮಾವ ಇವತ್ತು ಡಿಪೋದಲ್ಲಿ ಶಿಫ್ಟ್ ಬದಲಾಯಿಸ್ಕೊಂಡು ಬಂದು ಕನ್ನಡಿ ಮುಂದೆ ನಿಂತು ಪ್ರಾಕ್ಟೀಸ್ ಮಾಡ್ತಿದಾರೆ. ಅತ್ತೆ ಹಾಜರಿ ಪುಸ್ತಕಕ್ಕೆ ಹೊಸ ರಟ್ಟು ಹಾಕ್ತಿದಾರೆ, ಮುಂದಿನ ವರ್ಷಕ್ಕೆ ಈಗಾಗ್ಲೇ ಮೂವತ್ತೊಂದು ಮಕ್ಕಳು ಹೆಸರು ಕೊಟ್ಟಾಗಿದೆ!