ಮಿಡಿಸೌತೆಯ ಸಾಹೇಬರು

ಸಾಹೇಬರ ಬೂಟು ಅಚ್ಚ ಬಿಳುಪು. ಅರಕಲಗೂಡು ಸೀಮೆಯ ಕೆಂಪು ಮಣ್ಣಿನಲ್ಲಿ ಬಿಳಿ ಬೂಟು ಹಾಕಿ ತಿರುಗುವ ಮನುಷ್ಯ ಒಂದೋ ಮದುಮಗನಾಗಿರಬೇಕು, ಇಲ್ಲವೇ ಹೊಲಕ್ಕೆ ಇಳಿಯದವನಾಗಿರಬೇಕು. ನಮ್ಮ ಸಾಹೇಬರು ಎರಡನೆಯವರು. ಬದುವಿನ ಮೇಲೆಯೇ ನಿಂತು, ಬೆರಳಿಗೆ ಕರ್ಚೀಪು ಸುತ್ತಿಕೊಂಡು ಒಂದು ಕಾಯಿ ಎತ್ತಿ ನೋಡುತ್ತಿದ್ದರು. ಆಮೇಲೆ ಕಾಯಿಯನ್ನೂ ಕರ್ಚೀಪನ್ನೂ ಅಲ್ಲೇ ಎಸೆದು ಹೋಗುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ ಮಲ್ಲಿಪಟ್ಟಣದ ಸುತ್ತ ಮಿಡಿಸೌತೆ ಬಂದಿತ್ತು. ಬೆರಳುದ್ದ ಇರುವಾಗಲೇ ಕಿತ್ತು, ಉಪ್ಪುನೀರಿನಲ್ಲಿ ಹಾಕಿ ಹೊರದೇಶಕ್ಕೆ ಕಳಿಸುವ ಕಾಯಿ. ಬೀಜ, ಗೊಬ್ಬರ, ಔಷಧಿ ಕಂಪನಿಯವರೇ ಕೊಡುತ್ತಿದ್ದರು. ಅವರ ಪರವಾಗಿ ಹಾಸನದಿಂದ ಈ ಫೀಲ್ಡ್ ಸಾಹೇಬರು ಜೀಪಿನಲ್ಲಿ ಬರುವರು. ನಮ್ಮ ಜಗಲಿಯ ಮೇಲೆ ಪೇಪರು ಹಾಸಿಕೊಂಡು ಕೂರುವರು. ಆಮೇಲೆ ಉಪದೇಶ.

"ಔಷಧಿ ಹೊಡೆದ ಮೇಲೆ ನಾಲ್ಕು ದಿನ ಕೊಯ್ಯಬಾರದು. ಮಣ್ಣು, ನೀರು, ತಿನ್ನೋರ ಆರೋಗ್ಯ, ಎಲ್ಲಾ ನಿಮ್ಮ ಜವಾಬ್ದಾರಿ."

ನಮ್ಮತ್ತೆ ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುವರು. "ನಾಕು ದಿನ ಬುಟ್ರೆ ಕಾಯಿ ದಪ್ಪ ಆಯ್ತವೆ ಸಾ. ಆಗ ತಕ್ಕತೀರಾ?"

"ದಪ್ಪ ಕಾಯಿ ರಿಜೆಕ್ಟ್ ಅಮ್ಮ."

"ಅಂಗಾರೆ ಕಾಯದೆಂಗೆ?"

"ಅದು ನಿಮ್ಮ ಜವಾಬ್ದಾರಿ."

ಹೀಗೆ ಹೇಳಿ ಜೀಪು ಹತ್ತುವ ಮನುಷ್ಯನಿಗೆ ನಾಚಿಕೆ ಎಂಬುದು ಇರಲಿಲ್ಲ. ಸಂಜೆ ಔಷಧಿ ಹೊಡೆದರೆ ಬೆಳಿಗ್ಗೆ ಕೊಯ್ಯದೆ ವಿಧಿಯಿಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಔಷಧಿಯ ಹಸಿ ಆರದ ಆ ಬಳ್ಳಿಗಳ ನಡುವೆ ಬಗ್ಗಿ ಕೊಯ್ಯುತ್ತಿದ್ದವರು ಅತ್ತೆ ಮತ್ತು ನಾನು. ಹಿಂದಿನ ವರ್ಷ ನನಗೆ ಬಸಿರು ಇಳಿದುಹೋಗಿತ್ತು. ಔಷಧಿಯಿಂದಲೇ ಎಂದು ಡಾಕ್ಟರು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಈಗ ಮತ್ತೆ ಬಸಿರಾಗಿದ್ದೆ. ಅತ್ತೆ ಬೇಡವೆಂದರೂ, ಅವರೊಬ್ಬರ ಕೈಯಲ್ಲಿ ಆಗದ ಕೆಲಸವೆಂದು ನಾನೂ ಹೊಲಕ್ಕೆ ಇಳಿಯುತ್ತಿದ್ದೆ.

ಒಂದು ದಿನ ಕಾಯಿ ಕೊಳ್ಳುವ ದೇಶದಿಂದ ಒಬ್ಬ ಹೆಂಗಸು ಬಂದಳು, ರೈತರು ನಿಯಮ ಪಾಲಿಸುತ್ತಾರೋ ಇಲ್ಲವೋ ನೋಡಲು. ಸಾಹೇಬರು ಹಿಂದಿನ ದಿನವೇ ಬಂದು ಔಷಧಿ ಡಬ್ಬಗಳನ್ನು ಹುಲ್ಲಿನ ಮೆದೆಯ ಹಿಂದೆ ಇಡಿಸಿ, "ಏನು ಕೇಳಿದ್ರೂ ನಾನೇ ಮಾತಾಡ್ತೀನಿ" ಎಂದು ಹೋಗಿದ್ದರು. ಅವತ್ತು ಅವರ ಇಂಗ್ಲಿಷನ್ನು ಕೇಳಬೇಕಿತ್ತು. ಹೊಳೆನರಸೀಪುರದಲ್ಲಿ ಪಿಯುಸಿ ಓದಿದ ನನಗೆ ಅರ್ಥವಾದಷ್ಟರಲ್ಲಿ, ನಮ್ಮ ಊರಿನವರು ಔಷಧಿಯ ವಾಸನೆಯನ್ನೇ ಕಂಡವರಲ್ಲ.

ಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸುವುದು ಅತ್ತೆಗೆ ಆಗದು. ಹಿತ್ತಲಿನ ನಾಟಿ ಸೌತೆಕಾಯಿ ಹೆಚ್ಚಿ, ಉಪ್ಪು ಕಾರ ಸವರಿ ತಟ್ಟೆಯಲ್ಲಿ ತಂದು ಆ ಹೆಂಗಸಿನ ಮುಂದೆ ಹಿಡಿದರು. ಅವಳು ಒಂದು ಹೋಳು ತೆಗೆದು ಬಾಯಿಯ ಹತ್ತಿರ ತಂದಿದ್ದಳು. ಸಾಹೇಬರು ಜಗಲಿಯಿಂದ ಧುಮುಕಿದರು. "ನೋ ಮೇಡಂ, ನೋ" ಎನ್ನುತ್ತಾ ಅವಳ ಕೈಯನ್ನೇ ತಟ್ಟಿಬಿಟ್ಟರು. ಹೋಳು ಅಂಗಳಕ್ಕೆ ಬಿತ್ತು. ಕಂಪನಿ ಬಿಟ್ಟುಹೋದ ದಪ್ಪ ಮಿಡಿಸೌತೆಯನ್ನೇ ಅತ್ತೆ ಹೆಚ್ಚಿ ತಂದಿದ್ದಾರೆ ಎಂದುಕೊಂಡಿದ್ದರು ಪುಣ್ಯಾತ್ಮರು.

ಯಾಕೆ ಎಂದು ಅವಳು ಕೇಳಿದಳು. ಸಾಹೇಬರಿಗೆ ಇದ್ದಕ್ಕಿದ್ದಂತೆ ಇಂಗ್ಲಿಷ್ ಮರೆತುಹೋಯಿತು.

"ಇದು ಇತ್ಲ ಕಾಯಿ ಸಾ. ಔಸ್ದಿ ಕಾಣದ್ದು. ನೀವ್ಯಾಕೆ ಅಂಗೆ ಎದರ್ಕಂಡ್ರಿ?" ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, "ಯೋಳವ್ವ ಅವ್ರಿಗೆ. ನಾಕು ದಿನ ಕಾಯ್ತೀವಿ, ದಪ್ಪ ಕಾಯೂ ತಕ್ಕಳಿ ಅನ್ನು. ನಿನ್ನೊಟ್ಟೇನೂ ತೋರ್ಸು" ಎಂದರು.

ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ನನ್ನ ಹೊಟ್ಟೆಯನ್ನು ನೋಡಿದಳು, ಸಾಹೇಬರನ್ನು ನೋಡಿದಳು. ಅತ್ತೆಯ ತಟ್ಟೆಯಿಂದ ಇನ್ನೊಂದು ಹೋಳು ತೆಗೆದು ತಿಂದಳು. ಆ ವಾರದಿಂದಲೇ ನಮಗೆ ಹಸಿ ಬಳ್ಳಿಗೆ ಇಳಿಯುವುದು ತಪ್ಪಿತು; ಅವಳ ಮಾತಿನ ಮೇಲೆ, ಕಾದು ಕೊಯ್ದ ದಪ್ಪ ಕಾಯಿಯನ್ನೂ ಕಂಪನಿಯ ಲಾರಿ ತೆಗೆದುಕೊಂಡಿತು. ಹೆಚ್ಚಿ ಡಬ್ಬಿಗೆ ತುಂಬಲು ಅದೂ ಆಗುತ್ತದಂತೆ. ಮೊದಲೇ ಆಗುತ್ತಿತ್ತು, ಕೇಳುವ ಮುತುವರ್ಜಿ ಸಾಹೇಬರಿಗೆ ಇರಲಿಲ್ಲ, ಅಷ್ಟೆ.

ಮುಂದಿನ ರೈತರ ಸಭೆಯಲ್ಲಿ ಅವರು ಮೈಕು ಹಿಡಿದು, "ರೈತರ ಕಷ್ಟ ನೋಡಿ ಈ ಏರ್ಪಾಟು ನಾನೇ ಮಾಡಿಸಿದೆ" ಎಂದರು. ಶಾಲು ಹೊದೆಸಿಕೊಂಡರು. ಬಡ್ತಿ ಪಡೆದು, ಚನ್ನರಾಯಪಟ್ಟಣದ ಕಡೆಯ ರೈತರಿಗೆ ಜವಾಬ್ದಾರಿ ಕಲಿಸಲು ಹೋದರು.

ಕೆಲವು ವರ್ಷಗಳ ಮೇಲೆ ಹೃದಯಾಘಾತದಿಂದ ತೀರಿಕೊಂಡರೆಂದು ಸುದ್ದಿ ಬಂತು. ಹಾಸನದಲ್ಲಿ ಕಂಪನಿ ಸಂತಾಪ ಸಭೆ ಇಟ್ಟಿತ್ತು. ನನಗೆ ಹೋಗುವ ಮನಸ್ಸಿರಲಿಲ್ಲ. ಅತ್ತೆ ಹಟ ಮಾಡಿ ನನ್ನನ್ನೂ, ಆ ಬಸಿರಿನಲ್ಲಿ ಹುಟ್ಟಿದ ಮಗಳನ್ನೂ ಕರೆದುಕೊಂಡು ಹೊರಟರು. ರೈತರ ಆರೋಗ್ಯವೇ ಅವರ ಉಸಿರಾಗಿತ್ತು ಎಂದು ಯಾರೋ ಭಾಷಣ ಮಾಡಿದರು. ನನಗೆ ಎದ್ದು ಹೋಗೋಣ ಅನ್ನಿಸಿತು. ಅತ್ತೆ ಮಾತ್ರ ಕೊನೆಯವರೆಗೆ ಕೂತು, ಫೋಟೋದ ಮುಂದೆ ಹೂವಿಟ್ಟು ಕೈಮುಗಿದರು.

ಬಸ್ಸಿನಲ್ಲಿ ಮಗಳು ಕೇಳಿದಳು: "ಅಜ್ಜಿ, ಅವ್ರು ಒಳ್ಳೇವ್ರಾ?"

"ಇಲ್ಲ ಕಣ್ ಮಗ," ಎಂದರು ಅತ್ತೆ, ಅವಳ ಜಡೆ ಸರಿಮಾಡುತ್ತಾ. "ಆದ್ರೆ ಆವತ್ತು ಅವ್ರು ಎದರ್ಕಂಡ್ರಲ್ಲ, ಅದುಕ್ಕೇ ನೀನಿದ್ದೀಯ."