ಅವಳ ಕೈಗುಣ, ನಮ್ಮ ಮನೆಯ ಹೊಗೆಸೊಪ್ಪು

ಮತ್ತೋಡು ಕಡೆಯ ನಮ್ಮೂರಲ್ಲಿ ಹೊಗೆಸೊಪ್ಪಿನ ನಾಟಿ ಶುರುವಾಗಬೇಕಾದರೆ ಒಬ್ಬ ಹೆಂಗಸು ಬರಲೇಬೇಕಿತ್ತು. ಅವಳ ಕೈಗುಣಕ್ಕೆ ಒಣಕಡ್ಡಿಯೂ ಚಿಗುರುತ್ತದೆ ಎನ್ನುತ್ತಿದ್ದರು. ಮೊದಲ ಸಸಿ ಅವಳು ಇಟ್ಟ ಮೇಲೆಯೇ ಉಳಿದ ಕೂಲಿಯವರು ಸಾಲು ಹಿಡಿಯುವುದು. ನನಗಿಂತ ದೊಡ್ಡವಳು, ನಾನು ಅಕ್ಕ ಎಂದೇ ಕರೆಯುತ್ತೇನೆ.

ಹೋದ ವರ್ಷಕ್ಕೂ ಹಿಂದಿನ ವರ್ಷ, ನಾಟಿಯ ದಿನ ನಾನೇ ಅವಳಿಗೆ ಎಲೆ ಅಡಿಕೆ ಕೊಟ್ಟೆ, ಜೊತೆಗೆ ನಮ್ಮದೇ ಹಳೇ ಬೆಳೆಯ ಒಣ ಹೊಗೆಸೊಪ್ಪು. ಹೊಲದವರು ಕೊಡಬೇಕಾದ ಮರ್ಯಾದೆ ಅದು. ಅವಳು ಸೊಪ್ಪಿಗೆ ಸುಣ್ಣ ಹಚ್ಚಿ ಅಂಗೈಯಲ್ಲಿ ತಿಕ್ಕಿ ಬಾಯಿಗೆ ಹಾಕಿಕೊಂಡು, ಅದೇ ಕೈಯಲ್ಲಿ ಸಸಿ ಹಿಡಿದಳು. ಎಲೆಗೆ ಮಚ್ಚೆ ಬೀಳಿಸುವ ನಂಜು ರೋಗ ಒಣ ಎಲೆಯಲ್ಲೂ ಬದುಕಿರುತ್ತದೆ, ಸೊಪ್ಪು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಸಸಿ ಮುಟ್ಟಬೇಡಿ ಎಂದು ರೈತರ ಸಭೆಯಲ್ಲಿ ಹೇಳಿದ್ದು ನನಗೆ ನೆನಪಿತ್ತು. ಆ ಹಳೇ ಬೆಳೆಯ ಕೆಲವು ಗಿಡಕ್ಕೆ ಮಚ್ಚೆ ಬಿದ್ದಿದ್ದೂ ಗೊತ್ತಿತ್ತು. ಆದರೂ ಬಾಯಿ ಬರಲಿಲ್ಲ. ನಮ್ಮತ್ತೆ ಅವಳ ಕೇರಿಯವರಿಗೆ ಮೈಲಿಗೆಯೆಂದು ಬೊಗಸೆಗೆ ಮೇಲಿಂದ ನೀರು ಹೊಯ್ಯುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೆ. ಅಂಥ ಮನೆಯ ಸೊಸೆ "ಕೈ ತೊಳ್ಕಂಡು ಮುಟ್ಟಕ್ಕ" ಅಂದರೆ ಅವಳು ಏನೆಂದುಕೊಂಡಾಳು? ಒಳ್ಳೆಯವಳೆನಿಸಿಕೊಳ್ಳುವ ಆಸೆಗೆ ಸುಮ್ಮನಾದೆ.

ನಾಟಿಗೆ ಬಂದವರಲ್ಲಿ ಸೊಪ್ಪು ಬಾಯಿಗೆ ಹಾಕುವವಳು ಅವಳೊಬ್ಬಳೇ. ಸ್ವಲ್ಪ ದಿನಕ್ಕೆ ಅವಳು ನೆಟ್ಟ ಸಾಲುಗಳಲ್ಲೇ ಎಲೆಗಳು ಹಳದಿ ಹಸಿರು ಮಚ್ಚೆಯಾಗಿ ಮುದುರಿದವು. "ಆಯಮ್ಮನ ಕೈಗುಣ ಹೋಗೈತೆ ಬಿಡ್ರಿ" ಅಂದರು ಪಕ್ಕದ ಹೊಲದವರು. ಅದು ರೋಗ ಕಣ್ರಿ ಅಂದೆ ನಾನು. ರೋಗ ಯಾರ ಮನೆಯ ಎಲೆಯಿಂದ ಬಂತು ಎನ್ನಲಿಲ್ಲ.

ಮರುವರ್ಷ ರೋಗ ತಡೆಯುವ ಹೊಸ ತಳಿ ತಂದೆವು. ನಮ್ಮ ಯಜಮಾನರು ಮೊದಲ ಸಸಿಗೆ ಬೇರೊಬ್ಬಳನ್ನು ಕರೆಸಿದರು. ನಾನು ತಡೆಯಲಿಲ್ಲ. ಒಂದು ಎಲೆಗೂ ಮಚ್ಚೆ ಬೀಳಲಿಲ್ಲ. ತಳಿಯ ಗುಣ ಅದು. ಆದರೆ ಊರು ಹಾಗೆ ಲೆಕ್ಕ ಹಾಕಲಿಲ್ಲ. "ನೋಡ್ರಿ, ಕೈ ಬದಲಾತು, ಬೆಳೆ ಬಂತು" ಅಂದಿತು. ಅಲ್ಲಿಂದ ಅವಳನ್ನು ಮೆಣಸಿನ ನಾಟಿಗೂ ಯಾರೂ ಕರೆಯಲಿಲ್ಲ. ಹಸಿರಾಗಿ ನಿಂತ ನಮ್ಮ ಹೊಲ ನೋಡಲು ನನಗೆ ನಾಚಿಕೆಯಾಗುತ್ತಿತ್ತು.

ಈ ಸಲ ತಡೆಯಲಾಗದೆ ಅವಳ ಮನೆಗೆ ಹೋದೆ. ಎಲ್ಲ ಬಿಡಿಸಿ ಹೇಳಿದೆ, ನಮ್ಮ ಸೊಪ್ಪಿನದೇ ತಪ್ಪು ಎಂದೆ, ಮೊದಲ ಸಸಿಗೆ ನೀನೇ ಬಾ ಎಂದೆ. ಅವಳು ನಕ್ಕಳು.

"ನನ್ ಸಮಾಧಾನಕ್ಕೆ ಅಂತೀರಿ. ಸೊಪ್ಪು ನಾನು ಹುಡುಗಿಯಾಗಿದ್ದಾಗ್ಲಿಂದ ಹಾಕ್ತೀನಿ. ಆಗೆಲ್ಲ ಬೆಳೆ ಬರ್ಲಿಲ್ವ?"

ಆಗಿನ ಸೊಪ್ಪಿಗೆ ರೋಗ ಇರಲಿಲ್ಲ ಎಂದೆ, ಅವಳು ನಂಬದೆ ಹಿತ್ತಲಿಗೆ ನಡೆದಳು. ಹಿತ್ತಲಲ್ಲಿ ಅವರೆ ಬೀಜಕ್ಕೆ ಕುಳಿ ತೋಡಿಟ್ಟಿದ್ದಳು. ಬೀಜ ಅವಳ ಮಡಿಲಲ್ಲೇ ಇತ್ತು. ನಾನು ಹೊರಟು ನಿಂತಾಗ ಮಡಿಲು ನನ್ನ ಮುಂದೆ ಚಾಚಿದಳು.

"ಹೆಂಗೂ ಬಂದೀರಿ, ನೀವೇ ನಾಕು ಬೀಜ ಇಕ್ಕಿ ಹೋಗ್ರವ್ವ. ನಿಮ್ ಕೈ ಒಳ್ಳೇದೈತೆ."

ನಾನು ಬಗ್ಗಿ ಬೀಜ ಇಟ್ಟು ಮಣ್ಣು ಮುಚ್ಚಿದೆ. ಅವಳು ದೂರದಲ್ಲೇ ನಿಂತಿದ್ದಳು, ಕುಳಿಗೆ ತನ್ನ ನೆರಳೂ ಬೀಳದ ಹಾಗೆ.